ಎದುರು ಕ್ಯಾಬಿನ್ನಿನ ಆನೆ, ನಮ್ಮ ಬಕ್ಷೀಸು

ಸಿಂಗಾಪುರ, ಹಡಗು ಹತ್ತಿದ ದಿನ

ಹಡಗು ಹತ್ತುವ ಮೊದಲೇ ನನಗೆ ಹೊಟ್ಟೆಕಿಚ್ಚು ಶುರುವಾಗಿತ್ತು. ಅದನ್ನು ಒಪ್ಪಿಕೊಂಡೇ ಬರೆಯಲು ಕೂತಿದ್ದೇನೆ. ಇಂಥ ಪ್ರವಾಸ ಮುಗಿಸಿ ಬಂದವರು ಕಡಲು ಎಷ್ಟು ನೀಲಿ ಇತ್ತು, ಊಟಕ್ಕೆ ಎಷ್ಟು ಬಗೆ ಇತ್ತು ಎಂದೆಲ್ಲ ಹೇಳುತ್ತಾರೆ. ನಾನು ಅಂಕೋಲೆಯವಳು, ಕಡಲನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಊಟದ ಬಗೆಗಳನ್ನು ಲೆಕ್ಕ ಹಾಕಲು ಪುರುಸೊತ್ತೇ ಇರಲಿಲ್ಲ, ಯಾಕೆಂದರೆ ಆರು ದಿನವೂ ನನ್ನ ಕಣ್ಣು ಎದುರು ಕ್ಯಾಬಿನ್ನಿನ ಬಾಗಿಲ ಮೇಲೇ ಇತ್ತು.

ಎದುರು ಕ್ಯಾಬಿನ್ನಿನಲ್ಲಿದ್ದವಳು ಶೈಲಾ, ನನ್ನ ವಾರಗಿತ್ತಿ. ಅವಳ ಗಂಡ, ಅಂದರೆ ನನ್ನ ಮೈದುನ, ನೌಕಾನೆಲೆಯಿರುವ ಅರ್ಗಾದ ಕಡೆ ಕಟ್ಟಡದ ಗುತ್ತಿಗೆ ಮಾಡುತ್ತಾನೆ. ಕಾರವಾರದಲ್ಲಿ ಎರಡು ಮಹಡಿಯ ಮನೆ ಕಟ್ಟಿಸಿಕೊಂಡಿದ್ದಾರೆ. ನಾನು ಮೂವತ್ತು ಚಿಲ್ಲರೆ ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ಈಚೆಗೆ ನಿವೃತ್ತಳಾದ ‘ಅಕ್ಕೋರು’. ನಮ್ಮ ಜಿಲ್ಲೆಯಲ್ಲಿ ಶಾಲೆ ಕಲಿಸುವ ಹೆಂಗಸರನ್ನು ಹಾಗೆಯೇ ಕರೆಯುವುದು. ನಮ್ಮ ಯಜಮಾನರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು, ಯಾವ ಕಾಗದಕ್ಕೂ ಎರಡು ಸಲ ಓದದೆ ಸಹಿ ಹಾಕಿದವರಲ್ಲ.

ಮೈದುನನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಅವರು ಸಿಂಗಾಪುರದಿಂದ ಹೊರಡುವ ವಿಹಾರದ ಹಡಗಿನ ಟಿಕೆಟ್ಟು ತೆಗೆದರು. “ನೀವೂ ಬನ್ನಿ ಅಕ್ಕ, ನೀವಿಲ್ದೆ ಎಂತಾ ಮಜಾ?” ಎಂದು ಶೈಲಾ ಕರೆದಳು. ಬರುವುದಿಲ್ಲ ಅಂದರೆ ದುಡ್ಡಿಲ್ಲ ಅಂತ ತಿಳಿದುಕೊಂಡಾಳು ಎಂದು ನಾನು ಹೊರಟೆ. ಅವಳದು ಬಾಲ್ಕನಿ ಇರುವ ಕ್ಯಾಬಿನ್, ನಮ್ಮದು ಎಲ್ಲಕ್ಕಿಂತ ಕಡಿಮೆ ದರದ ಒಳಗಿನ ಕ್ಯಾಬಿನ್. ಅದಕ್ಕೂ ಒಂದು ಚಂದದ ಪರದೆ ಇತ್ತು. ಒಳಗೆ ಕಾಲಿಟ್ಟವಳೇ ಆಸೆಯಿಂದ ಸರಿಸಿದೆ. ಹಿಂದೆ ಗೋಡೆ.

“ಕಿಟಕಿ ಇಲ್ದಿದ್ದಕ್ಕೇ ಅಲ್ದಾ ಇಷ್ಟು ಕಡಿಮೆಗೆ ಕೊಟ್ಟದ್ದು,” ಎಂದರು ಯಜಮಾನರು. ಅವರು ಆಗಲೇ ಟಿಕೆಟ್ಟಿನ ಕಾಗದ ಬಿಡಿಸಿಕೊಂಡು ಕೂತಿದ್ದರು. ಅದರಲ್ಲಿ ಒಂದು ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಹಡಗಿನ ಸಿಬ್ಬಂದಿಗೆ ಕೊಡಬೇಕಾದ ಬಕ್ಷೀಸು ಟಿಕೆಟ್ಟಿನಲ್ಲೇ ಸೇರಿದೆ ಎಂದು ಆ ಸಾಲಿನಲ್ಲಿತ್ತು. “ಇನ್ನು ಯಾರಾದ್ರೂ ಕೈ ಚಾಚಿದ್ರೆ ಈ ಕಾಗ್ದ ತೋರ್ಸೂದು. ತಿಳೀತಾ?”

ಅಷ್ಟರಲ್ಲಿ ಹೊರಗೆ ಶೈಲಾ ಕೂಗಿದಳು. “ಅಯ್ಯೋ ಅಕ್ಕ, ಚಪ್ಪಲ್ ಇಲ್ಲ! ನಾಕೂ ಜನರದ್ದೂ ಇಲ್ಲ!” ಮನೆಯಲ್ಲಿ ಮಾಡುವ ಹಾಗೆ ನಾವು ನಾಲ್ವರೂ ಚಪ್ಪಲಿಗಳನ್ನು ಬಾಗಿಲ ಹೊರಗೆ, ಆ ಮೆತ್ತನೆಯ ರತ್ನಗಂಬಳಿ ಹಾಸಿದ ಓಣಿಯಲ್ಲಿ ಸಾಲಾಗಿ ಬಿಟ್ಟು ಒಳಗೆ ಹೋಗಿದ್ದೆವು. ಆ ಉದ್ದದ ಓಣಿಯಲ್ಲಿ ಎರಡೂ ಕಡೆ ನೂರಾರು ಬಾಗಿಲು, ಒಂದರ ಮುಂದೆಯೂ ಚಪ್ಪಲಿ ಇರಲಿಲ್ಲ.

ನಾವು ಬರಿಗಾಲಲ್ಲಿ ನಿಂತು ವಾದಿಸುತ್ತಿರುವಾಗ ಸಮವಸ್ತ್ರ ತೊಟ್ಟ ಒಬ್ಬ ನಡುವಯಸ್ಸಿನ ಮನುಷ್ಯ, ಕೂದಲು ಅರ್ಧ ನರೆತವನು, ಎರಡೂ ಕೈಯಲ್ಲಿ ನಮ್ಮ ಚಪ್ಪಲಿಗಳನ್ನು ಹಿಡಿದುಕೊಂಡು ಬಂದ. “ಯಾರೋ ಬಿಟ್ಟು ಹೋದದ್ದು ಅಂತ ನಮ್ಮ ಹುಡ್ಗರು ಎತ್ಕಂಡು ಹೋಗಿದ್ರು,” ಎಂದ, ಕನ್ನಡದಲ್ಲಿ! “ನಂಗೆ ನೋಡ್ದಕೂಡ್ಲೆ ಗೊತ್ತಾಯ್ತು. ಬಾಗ್ಲ ಹೊರಗೆ ಚಪ್ಪಲ್ ಬಿಟ್ಟಾರೆ ಅಂದ್ಮೇಲೆ ನಮ್ಮ ಬದಿಯವ್ರೇ. ಕಾರವಾರದವ್ರಾ, ಅಂಕೋಲೆಯವ್ರಾ?”

ಆತನ ಹೆಸರು ರೋಹಿದಾಸ. ಕಾರವಾರದಿಂದ ಕಾಳಿ ಸೇತುವೆ ದಾಟಿದರೆ ಸಿಗುವ ಚಿತ್ತಾಕುಲದವನು. ಹನ್ನೊಂದು ವರ್ಷದಿಂದ ಹಡಗಿನಲ್ಲಿ ಕೋಣೆ ನೋಡಿಕೊಳ್ಳುವ ಸ್ಟುವರ್ಡ್. ನಮ್ಮ ಎರಡೂ ಕ್ಯಾಬಿನ್ ಅವನ ಪಾಲಿಗೇ ಬಂದಿದ್ದವು. ನಾನು ಶಾಲೆ ಕಲಿಸಿದವಳೆಂದು ಗೊತ್ತಾದದ್ದೇ ತಡ, “ಅಕ್ಕೋರೇ” ಎಂದು ಕೈ ಮುಗಿದ. ಪರದೇಶದಲ್ಲಿ, ತೇಲುವ ಹಡಗಿನ ಮೇಲೆ, ಆ ಶಬ್ದ ಕೇಳಿ ನನಗೆ ಕಣ್ಣು ತುಂಬಿತು. ಈ ಮನುಷ್ಯ ನಮ್ಮವನು, ನನ್ನವನು ಎಂದುಕೊಂಡೆ.

ಆ ಸಂತೋಷ ಎರಡೇ ನಿಮಿಷ ಉಳಿಯಿತು. ಶೈಲಾ ಕಾರವಾರದಲ್ಲೇ ಹುಟ್ಟಿ ಬೆಳೆದವಳು, ಕೊಂಕಣಿ ಅವಳಿಗೆ ನೀರು ಕುಡಿದಷ್ಟು ಸಲೀಸು. “ಕಶೆ ಆಸಾತ?” ಎಂದು ಆತನ ಕ್ಷೇಮ ಕೇಳಿದಳು. ಅವನು ಅವಳನ್ನು “ವೈನಿ” ಎಂದ, ಅಣ್ಣನ ಹೆಂಡತಿಯನ್ನು ಕರೆದ ಹಾಗೆ. ನನಗೂ ಕೊಂಕಣಿ ಅರ್ಥವಾಗುತ್ತದೆ, ಆದರೆ ನಾನು ಆಡಿದರೆ ಕೇಳಿದವರು ನಗುತ್ತಾರೆ. ಸುಮ್ಮನೆ ಚಪ್ಪಲಿ ಎತ್ತಿಕೊಂಡು ಒಳಗೆ ಬಂದೆ. ಬಾಗಿಲು ಹಾಕುವಾಗ ಸಂದಿಯಲ್ಲಿ ನೋಡಿದೆ. ಶೈಲಾ ತನ್ನ ಚೀಲದಿಂದ ಏನೋ ತೆಗೆದು ರೋಹಿದಾಸನ ಮುಷ್ಟಿಯಲ್ಲಿ ತುರುಕಿದಳು. ಅವನು ಬೇಡ ಬೇಡ ಎನ್ನುತ್ತಲೇ ಜೇಬಿಗಿಳಿಸಿದ.

“ಕೊಟ್ಳು ನೋಡಿ. ಬಕ್ಷೀಸು,” ಎಂದೆ.

“ಕೊಡ್ಲಿ. ಅವಳಿಗೆ ಕಾಗ್ದ ಓದೂಕೆ ಬರೂದಿಲ್ಲ,” ಎಂದರು ಯಜಮಾನರು.

ಸಂಜೆ ಊಟಕ್ಕೆ ಕರೆಯಲು ಅವಳ ಕ್ಯಾಬಿನ್ನಿಗೆ ಹೋದೆ. ಹಾಸಿಗೆಯ ನಟ್ಟನಡುವೆ ಒಂದು ಆನೆ ಕೂತಿತ್ತು. ಬಿಳಿ ಟವೆಲುಗಳನ್ನು ಮಡಚಿ ಮಾಡಿದ ಆನೆ, ಎತ್ತಿದ ಸೊಂಡಿಲು, ಅಗಲ ಕಿವಿ. ನಾನು ತಿರುಗಿ ಬಂದು ನಮ್ಮ ಹಾಸಿಗೆ ನೋಡಿದೆ. ಟವೆಲುಗಳು ಚೌಕಾಕಾರವಾಗಿ ಮಡಚಿ ಬಿದ್ದಿದ್ದವು.

ಸಮುದ್ರದ ಮೇಲೆ ಒಂದು ದಿನ

ಮರುದಿನ ಯಾವ ಬಂದರೂ ಇರಲಿಲ್ಲ. ಬೆಳಿಗ್ಗೆ ಹಡಗಿನ ಮೇಲಟ್ಟಕ್ಕೆ ಹೋದರೆ ಈಜುಕೊಳದ ಸುತ್ತ ಬಿಳಿ ಜನ ಬಿಸಿಲಿಗೆ ಮೈಯೊಡ್ಡಿ ಸಾಲಾಗಿ ಮಲಗಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮಗ್ಗುಲು ಬದಲಿಸುತ್ತಿದ್ದರು. ನಮ್ಮ ಕಡೆ ಬಾಂಗಡೆ ಮೀನು ಒಣಗಿಸುವ ಹಾಗೆಯೇ ಕಂಡಿತು. ಕಾಗೆ ಕಾಯುವವರು ಮಾತ್ರ ಇರಲಿಲ್ಲ. ನಮ್ಮ ಪಕ್ಕದ ಕ್ಯಾಬಿನ್ನಿನ ಆಸ್ಟ್ರೇಲಿಯದ ಮುದುಕ ಮುದುಕಿ ಮಾತ್ರ ನೆರಳಲ್ಲಿ ಕೂತು ಪದಬಂಧ ತುಂಬುತ್ತಿದ್ದರು. ಕಂಡವರಿಗೆಲ್ಲ ಗುಡ್ ಮಾರ್ನಿಂಗ್ ಹೇಳುವುದು ಅವರಿಬ್ಬರ ಕಸುಬು. ಮಧ್ಯಾಹ್ನವಾದರೂ ಬಿಡುತ್ತಿರಲಿಲ್ಲ.

ಕೆಳಗೆ ಬಂದಾಗ ಎಂಟೂವರೆ. ಶೈಲಾಳ ಕ್ಯಾಬಿನ್ ಆಗಲೇ ಚೊಕ್ಕಟವಾಗಿತ್ತು. ಬಟ್ಟೆ ತೂಗುವ ಹ್ಯಾಂಗರಿಗೆ ಟವೆಲಿನ ಮಂಗ ನೇತಾಡುತ್ತಿತ್ತು, ಅದರ ಮೂಗಿನ ಮೇಲೆ ಮೈದುನನ ಕನ್ನಡಕ! ಮೈದುನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಅತ್ತಿಗೆ, ನಿಮ್ಮ ಕೋಣೇಲಿ ಎಂತಾ ಬಂದದೆ?” ಎಂದು ಕೇಳಿದ. ಇನ್ನೂ ಗುಡಿಸಿಲ್ಲ ಎಂದೆ. ನಮ್ಮ ಕೋಣೆ ಗುಡಿಸಿದ್ದು ಒಂದು ಗಂಟೆಗೆ. ಎಲ್ಲಕ್ಕಿಂತ ಕೊನೆಗೆ.

ರೋಹಿದಾಸ ನಮ್ಮ ಹಾಸಿಗೆ ಹೊದಿಸುತ್ತ ಸೊಂಟದ ಮೇಲೆ ಕೈಯಿಟ್ಟು ನಿಧಾನ ನೆಟ್ಟಗಾದ. ಅದನ್ನು ನಾನು ನೋಡಿದೆ, ಆದರೆ ನೋಡಿ ಏನೂ ಅಂದುಕೊಳ್ಳಲಿಲ್ಲ. ಮಂಗನ ಗುಂಗಿನಲ್ಲಿದ್ದೆ. “ಈ ಸಲ ಮೇಲಿನ ಕೆಲ್ಸ ಸಿಗೂದದೆ ಅಕ್ಕೋರೆ,” ಎಂದ ಆತ. “ಸೂಪರ್‌ವೈಸರ್. ಆಮೇಲೆ ಬಗ್ಗಿ ಹಾಸಿಗೆ ಹಾಕೂದಿಲ್ಲ, ಬರೇ ನಿಂತ್ಕಂಡು ನೋಡೂದು. ಹದಿನೆಂಟು ಕೋಣೆ ದಿನಾ ಎರಡು ಸಲ ಬಗ್ಗಿ ಬಗ್ಗಿ ಸೊಂಟ ಹೋಯ್ತು. ನಾಳೆ ನಿಮಗೊಂದು ಕಾಗ್ದ ಬರ್ತದೆ. ಅದ್ರಲ್ಲಿ ಮಾರ್ಕ್ಸು ಹಾಕೂದು. ಮೇಲಿನವ್ರು ಅದನ್ನೇ ನೋಡೂದು. ಸ್ವಲ್ಪ ಮನಸ್ಸಿಟ್ಟು ಬರೀರಿ ಹಾಂ.”

“ಬರೆಯುವ, ಬರೆಯುವ,” ಎಂದೆ. ಮಾರ್ಕ್ಸು ಹಾಕುವುದು ನನಗೆ ಹೇಳಿಕೊಡಬೇಕೇ?

ಆತ ಹೋದ ಮೇಲೆ ಗಂಡ ಹೆಂಡತಿಗೆ ವಾಗ್ವಾದ ನಡೆಯಿತು. ನಾನೂ ಸ್ವಲ್ಪ ಮೇಲೆ ಕೊಡೋಣ ಎಂದೆ. ಅವರು ಕಾಗದ ತೆಗೆದರು. ಟಿಕೆಟ್ಟಿನಲ್ಲಿ ಕೊಟ್ಟದ್ದು ಎಲ್ಲರಿಗೂ ಹಂಚಿಹೋಗುತ್ತದೆ, ಕೈಯಲ್ಲಿ ಕೊಟ್ಟದ್ದು ಅವನಿಗೇ ಸೇರುತ್ತದೆ ಎಂದು ವಾದಿಸಿದೆ. ಹೋಟೆಲಿನಲ್ಲಿ ಬಿಲ್ಲಿನ ಜೊತೆ ಬರುವ ಬಡೇಸೋಪಿನ ತಟ್ಟೆಯಲ್ಲಿ ಚಿಲ್ಲರೆ ಬಿಡುವುದಿಲ್ಲವೇ ಎಂದೂ ಕೇಳಿದೆ. “ಹೋಟೆಲ್ ಬಿಲ್ಲಲ್ಲಿ ಬಕ್ಷೀಸು ಸೇರ್ಸಿರ್ತಾರಾ? ಇಲ್ಲ. ಇಲ್ಲಿ ಸೇರ್ಸಾರೆ. ಒಂದೇ ಕೆಲ್ಸಕ್ಕೆ ಎರಡು ಸಲ ಎಂತಕೆ ಕೊಡೂದು?” ಎಂದರು. ಆಮೇಲೆ ತಣ್ಣಗೆ, “ನಿಂಗೆ ಅವನ ಮೇಲೆ ಮರುಕ ಬಂದದ್ದಾ, ಮಂಗ ಬೇಕಾದದ್ದಾ?” ಎಂದು ಕೇಳಿದರು. ನಾನು ಮುಖ ತಿರುಗಿಸಿ ಪರದೆ ಸರಿಸಿದೆ. ಅಲ್ಲಿ ಗೋಡೆ ಇತ್ತು.

ನಿಜ ಹೇಳಬೇಕೆಂದರೆ ಮಂಗವೇ ಬೇಕಾಗಿತ್ತು. ಶೈಲಾ ಮದುವೆಯಾಗಿ ಬಂದ ದಿನದಿಂದ ಹೀಗೆಯೇ. ಅತ್ತೆ ಅವಳಿಗೆ ಮಲ್ಲಿಗೆಯ ದಂಡೆ ಎತ್ತಿಡುತ್ತಿದ್ದರು. ಮೀನು ಮಾರುವವಳು ಅವಳನ್ನು ಕಂಡರೆ ಎರಡು ಹೆಚ್ಚಿಗೆ ಹಾಕುತ್ತಿದ್ದಳು. ನನ್ನ ಮಗಳಿಗೂ ಚಿಕ್ಕಮ್ಮನೆಂದರೆ ಪ್ರಾಣ. ಅವಳು ಏನನ್ನೂ ಕೇಳುವುದಿಲ್ಲ, ಎಲ್ಲ ತಾನಾಗಿ ಅವಳ ಹತ್ತಿರ ಬರುತ್ತದೆ. ನಾನು ಕೇಳಿ, ಕಾದು, ಸರತಿಯಲ್ಲಿ ನಿಂತು ಪಡೆಯಬೇಕು. ಆ ಉರಿಗೆ ಈಗ ಟವೆಲಿನ ಪ್ರಾಣಿಗಳ ರೂಪ ಬಂದಿತ್ತು.

ಪೆನಾಂಗ್

ಮೂರನೆಯ ದಿನ ಪೆನಾಂಗಿನಲ್ಲಿ ಇಳಿಯುವ ಮೊದಲು ನಾನು ಯಜಮಾನರ ಕಣ್ಣು ತಪ್ಪಿಸಿ ಒಂದು ಕೆಲಸ ಮಾಡಿದೆ. ಹತ್ತು ಡಾಲರಿನ ನೋಟೊಂದನ್ನು ದಿಂಬಿನ ಮೇಲಿಟ್ಟೆ. ಹತ್ತು ಎಂದು ಸೊನ್ನೆಯಲ್ಲಿ ನಿಲ್ಲಿಸಿ ಕೊಡುವುದು ನಮ್ಮಲ್ಲಿ ಶುಭವಲ್ಲ. ಮದುವೆ ಮುಯ್ಯಿಗೂ ಒಂದು ಸೇರಿಸಿಯೇ ಕೊಡುವುದು. ಒಂದು ಡಾಲರಿನ ಚಿಲ್ಲರೆ ಇರಲಿಲ್ಲ, ಪರ್ಸಿನ ಮೂಲೆಯಲ್ಲಿ ಊರಿನ ಒಂದು ರೂಪಾಯಿ ನಾಣ್ಯ ಸಿಕ್ಕಿತು. ಅದನ್ನು ನೋಟಿನ ಮೇಲಿಟ್ಟೆ.

ಪೆನಾಂಗಿನ ಪೇಟೆ ನನಗೆ ಹಿಡಿಸಿತು. ಒಣಸೀಗಡಿಯ ವಾಸನೆ, ಹೂ ಕಟ್ಟುವ ತಮಿಳು ಹೆಂಗಸರು, ಅಂಗಡಿಯ ಮುಂದೆ ಕುರ್ಚಿ ಹಾಕಿ ಬರಿಮೈಯಲ್ಲಿ ಕೂತ ಚೀನೀ ಅಜ್ಜಂದಿರು. ಒಬ್ಬ ಹಣ್ಣಿನವಳ ಹತ್ತಿರ ಮಾವು ಕೊಂಡು ತಿಂದೆವು. ನಮ್ಮ ಅಂಕೋಲೆಯ ಈಶಾಡಿನ ಮುಂದೆ ಅದು ಏನೂ ಅಲ್ಲ ಎಂದು ನಾನು ಹೇಳುತ್ತಿರುವಾಗಲೇ ಶೈಲಾ ಆ ಹಣ್ಣಿನವಳ ಮಗುವಿಗೆ ತನ್ನ ಬಳೆ ತೋರಿಸಿ ಆಟವಾಡಿಸುತ್ತಿದ್ದಳು. ಹೊರಡುವಾಗ ಆಕೆ ಶೈಲಾಳ ಚೀಲಕ್ಕೆ ಒಂದು ಗೊಂಚಲು ರಂಬೂಟಾನ್ ಹಾಕಿದಳು. ದುಡ್ಡು ಬೇಡವೆಂದು ಕೈಯಾಡಿಸಿದಳು. ನಾನು ಹಣ್ಣು ಕೊಂಡವಳು, ದುಡ್ಡು ಕೊಟ್ಟವಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹಡಗಿಗೆ ಮರಳುವಾಗ ನನಗೆ ಒಳಗೊಳಗೇ ಹುರುಪಿತ್ತು. ಇವತ್ತು ಆನೆಯೋ ನವಿಲೋ ಇರುತ್ತದೆ ಎಂದುಕೊಂಡು ಬಾಗಿಲು ತೆರೆದೆ. ಹಾಸಿಗೆಯ ಮೇಲೆ ಚೌಕಾಕಾರದ ಟವೆಲು. ಮೇಜಿನ ಮೇಲೆ ಬೋರಲು ಹಾಕಿದ ಗಾಜಿನ ಲೋಟ, ಅದರ ಕೆಳಗೆ ನನ್ನ ಹತ್ತು ಡಾಲರು, ನೋಟಿನ ಮೇಲೆ ನನ್ನ ಒಂದು ರೂಪಾಯಿ. ಮುಟ್ಟಿಲ್ಲ. ಎತ್ತಿ ಭದ್ರವಾಗಿ ಇಟ್ಟುಹೋಗಿದ್ದಾನೆ.

ಎದುರಿನಿಂದ ಶೈಲಾಳ ದನಿ ಕೇಳಿತು. “ಅಕ್ಕ, ಬನ್ನಿ, ಏಡಿ ನೋಡಿ ಏಡಿ! ಕಣ್ಣೂ ಇಟ್ಟಾರೆ!”

ನನ್ನ ಮೈಯೆಲ್ಲ ಉರಿಯಿತು. ಕಡಿಮೆಯಾಯಿತೆಂದು ಬಿಟ್ಟುಹೋಗಿರಬೇಕು. ಶೈಲಾ ಎಷ್ಟು ಕೊಟ್ಟಿದ್ದಳೋ, ಅದರ ಮುಂದೆ ನನ್ನದು ಲೆಕ್ಕಕ್ಕಿಲ್ಲ. ಅಕ್ಕೋರೆ ಅಕ್ಕೋರೆ ಅಂದದ್ದೆಲ್ಲ ಬಾಯಿಮಾತು. ಯಜಮಾನರು ನೋಟನ್ನು ನೋಡಿ, ನನ್ನ ಮುಖ ನೋಡಿ, ಅದನ್ನು ತಮ್ಮ ಪಾಕೀಟಿಗೆ ಸೇರಿಸಿದರು.

ಹಾಸಿಗೆಯ ಮೇಲೆ ಆ ಕಾಗದವೂ ಬಂದು ಬಿದ್ದಿತ್ತು. ಊಟ ಹೇಗಿದೆ, ಸ್ವಾಗತ ಹೇಗಿತ್ತು, ನಿಮ್ಮ ಕೋಣೆಯ ಸ್ಟುವರ್ಡ್ ಹೇಗೆ, ಹತ್ತಕ್ಕೆ ಎಷ್ಟು ಕೊಡುತ್ತೀರಿ. ನಾನು ಕನ್ನಡಕ ಹಾಕಿಕೊಂಡು ಕೂತೆ. ಶಾಲೆಯಲ್ಲಿ ನಾನು ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟವಳಲ್ಲ. ಅಕ್ಷರ ಮುತ್ತಿನ ಹಾಗಿದ್ದರೂ ಒಂಬತ್ತು. ರೋಹಿದಾಸನಿಗೆ ಒಂಬತ್ತೇ ಸಲ್ಲಬೇಕು ಎಂದು ನನಗೆ ಗೊತ್ತಿತ್ತು, ಅವನ ಕೆಲಸದಲ್ಲಿ ಒಂದು ಕೂದಲೆಳೆ ತಪ್ಪು ಇರಲಿಲ್ಲ. ಒಂಬತ್ತರಲ್ಲಿ ಒಂದನ್ನು ಏಡಿಗಾಗಿ ಕಳೆದೆ. ಇನ್ನೊಂದನ್ನು ಲೋಟದ ಕೆಳಗಿನ ನೋಟಿಗಾಗಿ ಕಳೆದೆ. ಏಳು ಎಂದು ದುಂಡಗೆ ಬರೆದು, ‘ಕೋಣೆ ತಡವಾಗಿ ಗುಡಿಸುತ್ತಾರೆ’ ಎಂದು ಇಂಗ್ಲಿಷಿನಲ್ಲಿ ಸೇರಿಸಿದೆ.

“ಏಳು ಅಂದ್ರೆ ಚೊಲೋ ಮಾರ್ಕೇ,” ಎಂದರು ಯಜಮಾನರು, ಓದಿ ನೋಡಿ. ನನಗೂ ಹಾಗೆಯೇ ಅನ್ನಿಸಿತ್ತು. ಪ್ರಥಮ ದರ್ಜೆಗಿಂತ ಮೇಲೆಯೇ ಕೊಟ್ಟಿದ್ದೇನೆ, ಮತ್ತೇನು?

ಫುಕೆಟ್

ಮಾರ್ಕ್ಸಿನ ಕಾಗದವನ್ನು ಬೆಳಿಗ್ಗೆ ಅದಕ್ಕಾಗಿಯೇ ಇಟ್ಟ ಪೆಟ್ಟಿಗೆಗೆ ಹಾಕಿ ಫುಕೆಟ್‌ನಲ್ಲಿ ಇಳಿದೆವು. ಉದ್ದ ಮೂತಿಯ ದೋಣಿಯಲ್ಲಿ ಕೂಡಿಸಿ ಒಂದು ದ್ವೀಪಕ್ಕೆ ಕರೆದೊಯ್ದರು. ಕಾರವಾರದ ಎದುರಿನ ನಮ್ಮ ಕೂರ್ಮಗಡದಷ್ಟೇ ದೊಡ್ಡದು, ಆದರೆ ಅಲ್ಲಿ ಛತ್ರಿ, ಕುರ್ಚಿ, ಎಳನೀರಿಗೆ ಹೂ ಸಿಕ್ಕಿಸಿ ಕೊಡುವ ಅಂಗಡಿ ಎಲ್ಲ ಇದ್ದವು. ದೋಣಿಯವನು ಪ್ರತಿಯೊಬ್ಬರಿಗೂ ಕೈ ಕೊಟ್ಟು ಇಳಿಸಿದ. ನನಗೆ ಕೈ ಕೊಡುವ ಹೊತ್ತಿಗೆ ಅಲೆ ಬಂದು ನಾನು ಸೊಂಟದವರೆಗೆ ನೀರಲ್ಲಿ ಕೂತೆ. ಶೈಲಾ ಒಂದು ಹನಿ ತಾಗದೆ ಇಳಿದಳು. ಆಮೇಲೆ ತನ್ನ ಒಣ ಶಾಲು ನನಗೆ ಸುತ್ತಿದಳು. ಅದಕ್ಕೂ ನನಗೆ ಸಿಟ್ಟು ಬಂತು.

ಮಧ್ಯಾಹ್ನ ಒದ್ದೆ ಸೀರೆಯಲ್ಲಿ ಹಡಗಿಗೆ ಬಂದಾಗ ನಮ್ಮ ಬಾಗಿಲ ಮುಂದೆ ಕರಿ ಕೋಟಿನ ಒಬ್ಬ ಫಿಲಿಪೀನಿ ಹೆಂಗಸು ಕಾಯುತ್ತಿದ್ದಳು. ಆ ಮಾಳಿಗೆಯ ಮುಖ್ಯಸ್ಥೆ. ನಿಧಾನವಾದ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದಳು. ನಮ್ಮ ಸ್ಟುವರ್ಡನಿಂದ ಏನು ತೊಂದರೆಯಾಯಿತು, ಬೇರೆಯವರನ್ನು ಹಾಕಬೇಕೇ ಎಂದು ಕೇಳಿದಳು. ನಾನು ಕಕ್ಕಾಬಿಕ್ಕಿಯಾದೆ. ತೊಂದರೆ ಏನೂ ಇಲ್ಲ, ಏಳು ಕೊಟ್ಟಿದ್ದೇನಲ್ಲ ಎಂದೆ. ಆಕೆ ಸಂಕೋಚದಿಂದ ನಕ್ಕಳು. ಈ ಹಡಗಿನಲ್ಲಿ ಹತ್ತು ಅಂದರೆ ಸರಿ, ಒಂಬತ್ತು ಅಂದರೆ ಪರವಾಗಿಲ್ಲ, ಅದಕ್ಕಿಂತ ಕೆಳಗಿನದೆಲ್ಲ ದೂರು. ಏಳು ಬಂದರೆ ಮೇಲಿನವರೆಗೆ ಹೋಗುತ್ತದೆ.

ಬಾಗಿಲು ತೆರೆದರೆ ಹಾಸಿಗೆಯ ಮೇಲೆ ಆನೆ ಕೂತಿತ್ತು. ಶೈಲಾಳ ಆನೆಗಿಂತ ಎರಡು ಪಟ್ಟು ದೊಡ್ಡದು, ಪಕ್ಕದಲ್ಲಿ ಒಂದು ಮರಿಯಾನೆ ಬೇರೆ. ಮೂರು ದಿನದಿಂದ ನಾನು ಹಂಬಲಿಸಿದ್ದು. ದೂರಿಗೆ ಹೆದರಿ ಮಾಡಿದ ಆನೆ ಎಂದು ನೋಡಿದಕೂಡಲೇ ತಿಳಿಯಿತು. ನಾನು ಕೂರಲೂ ಇಲ್ಲ, ಸೀರೆ ಬದಲಾಯಿಸಲೂ ಇಲ್ಲ. ಓಣಿಯಲ್ಲಿ ಗಾಡಿ ತಳ್ಳುತ್ತಿದ್ದ ರೋಹಿದಾಸನನ್ನು ಕರೆದೆ.

ಆತ ಬಾಗಿಲ ಹೊರಗೇ ನಿಂತ. ಮುಖ ಸಪ್ಪಗಿತ್ತು, ಸಿಟ್ಟಿರಲಿಲ್ಲ. “ಏಳು ಕೊಟ್ರಿ ಅಕ್ಕೋರೆ,” ಎಂದ. “ಇಲ್ಲಿ ಏಳು ಅಂದ್ರೆ ನಾಪಾಸು.”

“ನಂಗೆ ಗೊತ್ತಿರ್ಲಿಲ್ಲ ರೋಹಿದಾಸ. ನಮ್ಮ ಶಾಲೇಲಿ ಏಳು ಅಂದ್ರೆ...” ಅರ್ಧ ಸುಳ್ಳನ್ನು ಪೂರ್ತಿ ಮಾಡಲು ನಾಲಿಗೆ ಏಳಲಿಲ್ಲ. “ನೀವು ನಮ್ಮ ಕೋಣೇನೇ ಕಡೇಗೆ ಗುಡಿಸ್ತಿದ್ರಿ. ಎಂತಕೆ?” ಎಂದು ಕೇಳಿದೆ.

ಆತನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಎಂತಕೆ ಅಂದ್ರೆ? ಮನೆಯವ್ರು ಕಡೇ ಪಂಕ್ತಿಗೆ ಕೂರೂದಲ್ದಾ ಅಕ್ಕೋರೆ? ಹೊರಗಿನವ್ರು ಕಾಯೂದಿಲ್ಲ, ಫೋನ್ ಮಾಡ್ತಾರೆ, ಮಾರ್ಕ್ಸು ಕಡಿಮೆ ಮಾಡ್ತಾರೆ. ನಮ್ಮವ್ರಾದ್ರೆ ಕಾಯ್ತಾರೆ ಅಂದ್ಕಂಡೆ.”

ನಮ್ಮೂರಿನ ಯಾವ ಮದುವೆಯ ಮನೆಗೆ ಹೋದರೂ ಹಾಗೆಯೇ. ಬಂದವರೆಲ್ಲ ಉಂಡು ಎದ್ದ ಮೇಲೆ ಮನೆಯವರು ತಳದ ಸಾರು, ಮುರಿದ ಹಪ್ಪಳ ಹಾಕಿಕೊಂಡು ನಗುತ್ತ ಉಣ್ಣುತ್ತಾರೆ. ನಾನೇ ಎಷ್ಟು ಸಲ ಹಾಗೆ ಕೂತಿದ್ದೇನೆ. ಆದರೂ ಹಟ ಬಿಡಲಿಲ್ಲ. “ಮತ್ತೆ ಶೈಲಾಂದು ದಿನಾ ಮೊದ್ಲೇ ಮಾಡ್ತಿದ್ರಿ? ಆನೆ, ಮಂಗ, ಏಡಿ... ಅವಳು ಬಕ್ಷೀಸು ಕೊಟ್ಟಾಳೆ ಅಂತ ಅಲ್ದಾ?”

“ಬಕ್ಷೀಸಾ?” ರೋಹಿದಾಸ ಜೇಬಿಗೆ ಕೈ ಹಾಕಿ ಒಂದು ಪುಟ್ಟ ಡಬ್ಬಿ ತೆಗೆದ. ನೋವಿನ ಮುಲಾಮು. “ವೈನಿ ಕೊಟ್ಟದ್ದು ಇದು. ಚಪ್ಪಲ್ ಕೊಡೂಕೆ ಬಗ್ಗಿದಾಗ ಸೊಂಟ ಹಿಡ್ಕಂಡೆ, ಅದನ್ನ ಕಂಡ್ರು. ಆನೆ ಗೀನೆ ನಾ ಸ್ವಂತ ಮಾಡಿದ್ದಲ್ಲ ಅಕ್ಕೋರೆ. ಮದ್ವೆ ವರ್ಷ ತುಂಬಿದ್ದಕ್ಕೆ ಬಂದವ್ರ ಕೋಣೆಗೆ ದಿನಾ ಒಂದು ಪ್ರಾಣಿ ಮಾಡೂದು, ಅವ್ರದ್ದು ಎಂಟರ ಒಳಗೇ ಮುಗಿಸೂದು ಅಂತ ಆಫೀಸಿಂದ ಪಟ್ಟಿ ಬರ್ತದೆ.”

“ಮತ್ತೆ ನಾನು ದಿಂಬಿನ ಮೇಲಿಟ್ಟ ದುಡ್ಡು?”

“ಕೋಣೇಲಿ ಬಿದ್ದ ದುಡ್ಡು ಮುಟ್ಟಿದ್ರೆ ನಮ್ಗೆ ನೌಕ್ರಿ ಹೋಗ್ತದೆ. ಯಾರಿಗೆ ಅಂತ ಚೀಟಿ ಇಲ್ಲ, ಎಂತಾ ಇಲ್ಲ. ಮರ್ತು ಹೋದದ್ದು ಅಂತ ಲೋಟದ ಕೆಳಗೆ ಇಟ್ಟೆ.”

ಆತ ಗಾಡಿ ತಳ್ಳಿಕೊಂಡು ಹೋದ. ನಾನು ಹಾಸಿಗೆಯ ಅಂಚಿಗೆ ಕೂತೆ. ಚಪ್ಪಲಿ ಕೊಡಲು ಆತ ಬಗ್ಗಿದಾಗ ಎದುರಿಗೇ ನಿಂತಿದ್ದವಳು ನಾನು, ಮರುದಿನ ಕಣ್ಣೆದುರೇ ನೋಡಿದವಳೂ ನಾನು. ಮುಲಾಮು ಕೊಟ್ಟವಳು ಅವಳು. ಅವಳ ಬಾಲ್ಕನಿಯ ಮೇಲಿದ್ದ ಹೊಟ್ಟೆಕಿಚ್ಚು ಆ ಗಳಿಗೆಗೆ ಮರೆತೇಹೋಯಿತು. ಇನ್ನೊಬ್ಬರ ನೋವು ಕಾಣುವ ಅವಳ ಕಣ್ಣಿನ ಮೇಲೆ ಅದಕ್ಕಿಂತ ಕೆಟ್ಟದೊಂದು ಹುಟ್ಟಿತು.

ಮತ್ತೆ ಸಮುದ್ರ

ಐದನೆಯ ದಿನ ಬೆಳಿಗ್ಗೆ ನಾನು ಒಬ್ಬಳೇ ವಿಚಾರಣೆಯ ಕೌಂಟರಿಗೆ ಹೋದೆ. ಏಳನ್ನು ಹತ್ತು ಮಾಡಿಕೊಡಿ ಎಂದು ಕೇಳಿದೆ. ಹಾಕಿದ ಅಂಕಿ ಬದಲಾಯಿಸಲು ಬರುವುದಿಲ್ಲವೆಂದರು. ಬೇಕಾದರೆ ಪತ್ರ ಬರೆದುಕೊಡಿ, ಲಗತ್ತಿಸುತ್ತೇವೆ ಎಂದರು. ಕನ್ನಡದಲ್ಲಾಗಿದ್ದರೆ ನಾಲ್ಕು ಪುಟ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಎಂಟು ಸಾಲು ಬರೆಯಲು ಒಂದು ತಾಸು ಬೇಕಾಯಿತು. ಇವರ ಕೆಲಸದಲ್ಲಿ ತಪ್ಪಿಲ್ಲ, ತಪ್ಪು ನನ್ನ ಅಂಕಿಯಲ್ಲಿದೆ ಎಂದು ಬರೆದೆ. ತಪ್ಪು ನನ್ನ ಹೊಟ್ಟೆಕಿಚ್ಚಿನಲ್ಲಿದೆ ಎಂದು ಬರೆಯಬೇಕಾಗಿತ್ತು. ಬರೆಯಲಿಲ್ಲ.

ಯಜಮಾನರು ಪತ್ರ ಓದಿ ಎರಡು ಕಾಗುಣಿತ ತಿದ್ದಿದರು. ಆಮೇಲೆ ಅವರಾಗಿಯೇ ಹೋಗಿ ಕರಿ ಕೋಟಿನ ಆ ಮುಖ್ಯಸ್ಥೆಯನ್ನು ಕಂಡು ಬಂದರು. ಜೀವಮಾನದಲ್ಲಿ ಯಾವ ಸಾಹೇಬರ ಮುಂದೆಯೂ ಶಿಫಾರಸು ಮಾಡಿದವರಲ್ಲ ಅವರು. ಸಂಜೆ ಆಕೆ ಉತ್ತರ ತಂದಳು. ಪತ್ರಕ್ಕೆ ಧನ್ಯವಾದ, ಅದನ್ನು ಕಡತದಲ್ಲಿ ಇಟ್ಟಿದ್ದಾರೆ, ಆದರೆ ಸೂಪರ್‌ವೈಸರ್ ಕೆಲಸ ಈ ಸಲ ಬೇರೊಬ್ಬರಿಗೆ ಆಯಿತು. ರೋಹಿದಾಸನ ಹೆಸರನ್ನು ಮುಂದಿನ ಕರಾರಿನ ಹೊತ್ತಿಗೆ ಮತ್ತೆ ನೋಡುತ್ತಾರಂತೆ. ಅಂದರೆ ಇನ್ನೊಂದು ವರ್ಷ ಹದಿನೆಂಟು ಕೋಣೆ, ದಿನಕ್ಕೆ ಎರಡು ಸಲ.

ಆಕೆ ಹೋದ ಮೇಲೆ ಯಜಮಾನರು ಕೆಂಪು ಗೆರೆಯ ಆ ಕಾಗದವನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದರು. “ಎಷ್ಟು ಕೊಡೂದು ಹೇಳು,” ಎಂದರು.

ಈಗ ಕೊಡುವುದು ಇನ್ನೂ ಕಷ್ಟವಾಗಿತ್ತು. ಕೊಟ್ಟರೆ ಬಾಯಿ ಮುಚ್ಚಿಸಲು ಕೊಟ್ಟ ಹಾಗೆ. ಕೊಡದಿದ್ದರೆ ನೌಕರಿಯ ಬಡ್ತಿ ಕಿತ್ತುಕೊಂಡು ಕೈ ಬೀಸಿಕೊಂಡು ಹೋದ ಹಾಗೆ. ಕಡಿಮೆ ಕೊಟ್ಟರೆ ಅವಮಾನ, ಹೆಚ್ಚು ಕೊಟ್ಟರೆ ಅದೂ ಅವಮಾನ. ಶೈಲಾಳನ್ನು ಕೇಳಬಹುದಿತ್ತು, ಇಂಥದ್ದು ಅವಳಿಗೆ ಕೇಳುವ ಮೊದಲೇ ಗೊತ್ತಿರುತ್ತದೆ. ಆದರೆ ಅವಳಿಗೆ ನಾನು ಏಳರ ವಿಷಯ ಹೇಳಿರಲಿಲ್ಲ, ಹೇಳುವ ಧೈರ್ಯವೂ ಇರಲಿಲ್ಲ. ನಮ್ಮ ಕೈಖರ್ಚಿಗೆ ಉಳಿದಿದ್ದನ್ನೆಲ್ಲ ಒಂದು ಲಕೋಟೆಗೆ ಹಾಕಿ, ಮೇಲೆ ರೋಹಿದಾಸನ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಬರೆದೆ.

ಸಿಂಗಾಪುರ, ಇಳಿದ ದಿನ

ಬೆಳಿಗ್ಗೆ ಓಣಿಯಲ್ಲಿ ಎಲ್ಲರೂ ಪೆಟ್ಟಿಗೆ ಎಳೆಯುತ್ತಿದ್ದರು. ಆಸ್ಟ್ರೇಲಿಯದ ಮುದುಕಿ ರೋಹಿದಾಸನ ಕೈಗೆ ಒಂದು ನೋಟು ಕೊಟ್ಟಳು. “ಥ್ಯಾಂಕ್ಯೂ ಮ್ಯಾಡಮ್, ಸೇಫ್ ಜರ್ನಿ,” ಎಂದು ಆತ ತಲೆಬಾಗಿದ. ನಾನು ಅವರ ಹಿಂದೆ ನಿಂತಿದ್ದೆ. ಆತ ಬೇಡ ಎಂದರೆ ಏನು ಹೇಳಬೇಕು ಎಂದು ಇಡೀ ಮುಂಜಾನೆ ಮಾತು ಹೊಂದಿಸಿಟ್ಟುಕೊಂಡಿದ್ದೆ. ನೀವು ನಮ್ಮವರು, ಬೇಡ ಅನ್ನಬಾರದು, ಹಿರಿಯಳ ಕೈ ಹಿಂದಕ್ಕೆ ಕಳಿಸಬಾರದು ಎಂದೆಲ್ಲ.

ಲಕೋಟೆ ಚಾಚಿದೆ. ಆತ ಎರಡೂ ಕೈಯಿಂದ ತೆಗೆದುಕೊಂಡ. ಹೆಸರು ಓದಿದ, ಜೇಬಿಗೆ ಹಾಕಿದ. “ಥ್ಯಾಂಕ್ಯೂ ಮ್ಯಾಡಮ್, ಸೇಫ್ ಜರ್ನಿ,” ಎಂದ.

ಬೇಡ ಅನ್ನಲಿಲ್ಲ, ಅಕ್ಕೋರೆ ಅನ್ನಲೂ ಇಲ್ಲ.

ಅಷ್ಟರಲ್ಲಿ ಎದುರಿನಿಂದ ಶೈಲಾ ಬಂದಳು. ಅವಳ ಕೈಯಲ್ಲೂ ಮಡಚಿದ ನೋಟುಗಳಿದ್ದವು. ರೋಹಿದಾಸ ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. “ಬೇಡ ವೈನಿ. ನಿಮ್ಮತ್ರ ದುಡ್ಡು ತಕಂಡ್ರೆ ನಮ್ಮವ್ಳು ನನ್ನ ಮನೆ ಒಳಗೆ ಸೇರ್ಸೂದಿಲ್ಲ,” ಎಂದ. ಅವಳು ಬಲವಂತ ಮಾಡಿದಳು, ಮೈದುನ ಗದರಿದ. ಆತ ನಗುತ್ತಲೇ ತಲೆಯಾಡಿಸಿದ. ರಜಕ್ಕೆ ಬಂದಾಗ ಕಾರವಾರಕ್ಕೆ ಬಂದು ಊಟ ಮಾಡಿ ಹೋಗುತ್ತೇನೆ ಎಂದು ಮಾತು ಕೊಟ್ಟ. ಕಡೆಗೆ ಅವಳ ಪೆಟ್ಟಿಗೆಯನ್ನು ತಾನೇ ಎತ್ತಿ ಲಿಫ್ಟಿನವರೆಗೆ ಮುಟ್ಟಿಸಿದ, ಆ ಸೊಂಟದಲ್ಲಿ.

ಹಡಗಿನಿಂದ ಇಳಿಯುವ ಸೇತುವೆಯ ಮೇಲೆ ಶೈಲಾ ನನ್ನ ಪಕ್ಕದಲ್ಲೇ ನಡೆದಳು. ಮುಖ ಬಾಡಿತ್ತು. ನಾನು ಅವಳ ಮುಖ ಬಾಡಿದ್ದು ನೋಡಿದ್ದೇ ಕಡಿಮೆ.

“ನಿಮ್ಮದು ತಕಂಡ್ರು, ನಂದು ತಕಣ್ಲೇ ಇಲ್ಲ ನೋಡಿ ಅಕ್ಕ,” ಎಂದಳು. “ಸುಳ್ಳು ಎಂತಕೆ ಹೇಳೂದು, ನಂಗೆ ಹೊಟ್ಟೆಕಿಚ್ಚೇ ಆಯ್ತು. ನಿಮ್ಮ ಮೇಲೆ ಅವ್ರಿಗೆ ಪ್ರೀತಿ ಹೆಚ್ಚು ಅಲ್ದಾ?”

ಯಜಮಾನರು ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು. ಹೇಳಿಬಿಡಬಹುದಿತ್ತು.

“ಹೌದು,” ಎಂದೆ. “ನಾನು ಅಕ್ಕೋರಲ್ದಾ.”

ಶೈಲಾ ಅದನ್ನು ನಂಬಿದಳು. ಕಾರವಾರದಲ್ಲಿ ಯಾರೇ ಕೇಳಿದರೂ ಈಗಲೂ ಹಾಗೆಯೇ ಹೇಳುತ್ತಾಳೆ, ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ.